ಜೋಡಿ ಊಟ

ನಿನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಊಟ ಮಾಡೋದು ಅಂತೀನಿ. ನಗ್ತಾರೆ. ನಕ್ಕು ಮುಗಿದ ಮೇಲೆ, "ಎಂಥ ಪುಣ್ಯ ಮಾಡಿದ್ದೀಯಮ್ಮ, ಕೂತು ತಿನ್ನೋಕೂ ಸಂಬಳ!" ಅಂತ ಹೊಟ್ಟೆ ಉರಿಸಿಕೊಳ್ತಾರೆ. ಅಂಥವರನ್ನೆಲ್ಲ ಎಳೆದು ತಂದು ನನ್ನ ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಒಂದು ವಾರ ಈ ಪೊಟ್ಟಣ ತಿನ್ನಿಸಬೇಕು ಅಂತ ನನಗೆ ಬಹಳ ಆಸೆ. ಎರಡನೇ ದಿನಕ್ಕೇ ಅವರ ಪುಣ್ಯವೆಲ್ಲ ಖರ್ಚಾಗಿ ಹೋಗುತ್ತೆ.

ಸಂಗತಿ ಇಷ್ಟೇ. ದೂರದ ಗ್ರಹವೊಂದಕ್ಕೆ ನಾಲ್ಕು ಜನ ಗಗನಯಾತ್ರಿಗಳು ಹೊರಟಿದ್ದಾರೆ. ಹೋಗಿ ಬರೋಕೆ ವರ್ಷಗಟ್ಟಲೆ ಬೇಕು. ದಾರಿಯಲ್ಲಿ ಅಂಗಡಿ ಇದೆಯೇ, ಹೋಟೆಲ್ ಇದೆಯೇ? ಅಷ್ಟೂ ವರ್ಷದ ಊಟವನ್ನ ಈ ಕಟ್ಟಡದ ಕೆಳಗಿನ ಅಡುಗೆಮನೆಯಲ್ಲೇ ಬೇಯಿಸಿ, ಹೆಪ್ಪುಗಟ್ಟಿಸಿ, ಒಳಗಿನ ನೀರೆಲ್ಲ ಹೀರಿ ತೆಗೆದು, ಪೊಟ್ಟಣ ಕಟ್ಟಿ ಅವರ ಜೊತೆ ಕಳಿಸಿದ್ದಾರೆ. ಕಳಿಸುವಾಗ ಪ್ರತಿಯೊಂದಕ್ಕೂ ಒಂದು ಜೋಡಿ ಪೊಟ್ಟಣ ಇಲ್ಲಿ ಉಳಿಸಿಕೊಂಡಿದ್ದಾರೆ. ಒಂದೇ ಹಂಡೆಯದು, ಒಂದೇ ದಿನ ಬೆಂದದ್ದು. ಮೇಲಿನವರು ಇವತ್ತು ಏನು ತಿಂತಾರೋ ಅದರ ಜೋಡಿಯನ್ನ ಇವತ್ತೇ ಕೆಳಗೊಬ್ಬರು ತಿನ್ನಬೇಕು. ಹೊರಗಿನದು ಒಂದು ಕಾಳು ಬಾಯಿಗೆ ಹಾಕೋ ಹಾಗಿಲ್ಲ. ಮೇಲೆ ಯಾರಿಗಾದರೂ ಮೈ ಕೆಟ್ಟರೆ ತಪ್ಪು ಊಟದ್ದೋ ಆಕಾಶದ್ದೋ ಅಂತ ಗೊತ್ತಾಗಬೇಕಲ್ಲ? ಅವರಿಗೂ ಕೆಟ್ಟು ನಮಗೂ ಕೆಟ್ಟರೆ ಊಟದ್ದು. ಅವರಿಗೆ ಮಾತ್ರ ಕೆಟ್ಟರೆ ಆಕಾಶದ್ದು. ಹೀಗೆ ತಿನ್ನೋಕೆ ಅಂತ ಇಟ್ಟುಕೊಂಡಿರುವ ನಾಲ್ವರಲ್ಲಿ ನಾನೊಬ್ಬಳು. ಅಡುಗೆಮನೆಯವರು ನಮಗೆ ನೆಲದ ಬಾಯಿಗಳು ಅಂತ ಹೆಸರಿಟ್ಟಿದ್ದಾರೆ.

ಮೊದಲು ನಾನು ಹಾಸ್ಟೆಲ್ಲೊಂದರ ಅಡುಗೆಮನೆಯಲ್ಲಿದ್ದೆ. ಹುಡುಗಿಯರಿಗೆಲ್ಲ ಬಡಿಸಿ, ಕೊನೆಗೆ ಹಂಡೆಯ ತಳ ಕೆರೆದು ನಿಂತುಕೊಂಡೇ ತಿಂದವಳು. ಮದುವೆ ಆಗಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನನಗೆ ದೇವರು ಅರ್ಧ ಗಾದೆ ಮಾತ್ರ ಕೊಟ್ಟ. ರೋಗ ಇಲ್ಲ, ಜಗಳ ಬೇಕಾದಷ್ಟಿದೆ. ಈ ಕೆಲಸ ಸಿಕ್ಕಿದ್ದು ನನಗೆ ರುಚಿ ಗೊತ್ತು ಅಂತಲ್ಲ. ಮೇಲೆ ಹೋಗುವ ಹೆಂಗಸೊಬ್ಬಳ ಎತ್ತರ, ತೂಕ, ರಕ್ತ ಎಲ್ಲಕ್ಕೂ ನನ್ನದು ಹೊಂದಿತು ಅಂತ. ಜಾತಕ ಹೊಂದದವಳಿಗೆ ರಕ್ತ ಹೊಂದಿತು ಅಂತ ನನ್ನ ತಮ್ಮ ಆಡಿಕೊಂಡ.

ಆ ಹೆಂಗಸು ನನ್ನ ಜೋಡಿ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ನೌಕೆಯಲ್ಲಿ ಸೊಪ್ಪು, ಮೂಲಂಗಿ, ಬಟಾಣಿ ಬೆಳೆಯುವ ಒಂದು ಸಣ್ಣ ಕೋಣೆಯಿದೆ, ಅದನ್ನ ನೋಡಿಕೊಳ್ಳೋದು ಅವಳ ಕೆಲಸ. ಅದಕ್ಕೇ ಎಲ್ಲರೂ ಅವಳನ್ನ ತೋಟದವಳು ಅಂತಾರೆ. ಫೋಟೋದಲ್ಲಿ ನೋಡಿದ್ದೆ ಅಷ್ಟೆ, ಸಣ್ಣ ಮುಖ, ಕಿವಿ ಸ್ವಲ್ಪ ಅಗಲ. ಮಾತಾಡಿಸೋ ಹಾಗಿರಲಿಲ್ಲ. ಮೇಲಿನವರು, ಕೆಳಗಿನವರು ಮಾತಾಡಿಕೊಂಡರೆ ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಅಂಟಿಬಿಡುತ್ತಂತೆ. ನೆಗಡಿ ಅಂಟೋದು ಗೊತ್ತಿತ್ತು ನನಗೆ, ಅಭಿಪ್ರಾಯಾನೂ ಅಂಟುತ್ತೆ ಅಂತ ಪಥ್ಯದ ಡಾಕ್ಟರು ಹೇಳಿದ ಮೇಲೇ ತಿಳಿದದ್ದು.

ಈ ಪಥ್ಯದ ಡಾಕ್ಟರು ನಮ್ಮೆಲ್ಲರ ಮೇಲಿನವರು. ವಯಸ್ಸು ಚಿಕ್ಕದು, ಹೆಣ್ಣುಮಗಳು, ನಗೋದು ಕಡಿಮೆ. ಕೆಟ್ಟವರಲ್ಲ. ಆದರೆ ಲೆಕ್ಕ ಅಂದರೆ ಪ್ರಾಣ. ನಾವು ತಟ್ಟೆಯಲ್ಲಿ ಬಿಟ್ಟದ್ದನ್ನೂ ತೂಗಿಯೇ ಒಳಗೆ ಕಳಿಸ್ತಿದ್ದರು.

ಶುರುವಿನಲ್ಲಿ ನಾವು ನಾಲ್ಕೂ ನೆಲದ ಬಾಯಿಗಳು ಒಂದೇ ಮೇಜಿನ ಸುತ್ತ ಕೂತು ಉಣ್ತಿದ್ದೆವು. ಕೆಲಸ ಬಿಟ್ಟ ಪೋಸ್ಟ್‌ಮ್ಯಾನ್ ಒಬ್ಬರು, ಟೈಲರ್ ಒಬ್ಬ, ಈಜು ಕಲಿಸುವವಳೊಬ್ಬಳು, ನಾನು. ಪೊಟ್ಟಣದ ಮೂತಿಗೆ ಬಿಸಿನೀರು ತುಂಬಿಸಿ, ಕೈಯಲ್ಲಿ ಹಿಸುಕಿ, ಕತ್ತರಿಸಿ ತಟ್ಟೆಗೆ ಸುರಿದರೆ ಅದೇ ಅನ್ನ, ಅದೇ ಬೇಳೆ, ಅದೇ ಆಲೂಗಡ್ಡೆ. ಮೇಲೆ ಹೋದವರ ಮೂಗು ಸದಾ ಕಟ್ಟಿಕೊಂಡಿರುತ್ತಂತೆ, ಅದಕ್ಕೆ ಹುಳಿ, ಖಾರ ಒಂದು ಕೈ ಜಾಸ್ತಿ. ಮೂಗು ಸರಿಯಿದ್ದ ನಮಗೆ ಕಣ್ಣಲ್ಲಿ ನೀರು. ಪೋಸ್ಟ್‌ಮ್ಯಾನ್ ಒಂದೊಂದು ತುತ್ತಿಗೂ ಒಂದೊಂದು ಮನೆಯ ಕತೆ ಹೇಳ್ತಿದ್ದರು. ಟೈಲರ್ ಬಟಾಣಿಯನ್ನ ಬೆರಳಿನಿಂದ ಚಿಮ್ಮಿ ನನ್ನ ತಟ್ಟೆಗೆ ಹಾರಿಸ್ತಿದ್ದ, ನಾನು ಅವನ ಏಳು ತಲೆಮಾರನ್ನೂ ಬೈತಿದ್ದೆ. ಬೈತಾ ಬೈತಾ ತಟ್ಟೆ ಖಾಲಿಯಾಗಿರ್ತಿತ್ತು.

ಒಂದು ದಿನ ಡಾಕ್ಟರು ಬಂದು ನಿಂತು ನೋಡಿದರು. "ಮೇಲಿನವರೆಲ್ಲ ಸ್ವಲ್ಪ ಸ್ವಲ್ಪ ತೂಕ ಇಳಿದಿದ್ದಾರೆ. ನೀವು ನಾಲ್ಕೂ ಜನ ಗುಂಡುಗುಂಡಗಿದ್ದೀರಿ. ಹೀಗೆ ಹರಟೆ ಹೊಡೀತಾ ತಿಂದರೆ ಲೆಕ್ಕ ಕೆಡುತ್ತೆ. ಅಲ್ಲಿ ಯಾರೂ ಯಾರ ಜೊತೆಗೂ ಹೀಗೆ ಕೂತು ತಿನ್ನಲ್ಲ, ಪಾಳಿ ಪ್ರಕಾರ ಒಬ್ಬೊಬ್ಬರೇ ತಿಂತಾರೆ" ಅಂದರು. ಮರುವಾರದಿಂದ ನಮಗೆ ಬೇರೆ ಬೇರೆ ಕೋಣೆ. ಒಂದು ಮೇಜು, ಒಂದು ಕುರ್ಚಿ, ಬಿಸಿನೀರಿನ ನಲ್ಲಿ, ಗೋಡೆಗೊಂದು ಕ್ಯಾಮೆರಾ. ಮಲಗೋಕೆ ಪಕ್ಕದಲ್ಲೇ ಮಂಚ. ಟೈಲರ್ ಎದುರಿನ ಕೋಣೆಯಲ್ಲೇ ಇದ್ದ, ಆದರೆ ಊಟದ ಹೊತ್ತಿಗೆ ಇಬ್ಬರ ಬಾಗಿಲೂ ಮುಚ್ಚಿರಬೇಕು. ಗೋಡೆ ನೋಡ್ಕೊಂಡು ಅಗಿಯೋದು. ನನ್ನ ಹಲ್ಲಿನ ಸದ್ದು ನನಗೇ ಕೇಳಿಸ್ತಿತ್ತು.

ಇರಲಿ, ಭಾನುವಾರ ತಮ್ಮನ ಮನೆಯಿದೆಯಲ್ಲ ಅಂದ್ಕೊಂಡೆ. ಪೊಟ್ಟಣ ಚೀಲದಲ್ಲಿ ಹಾಕ್ಕೊಂಡು ಬಸ್ಸು ಹತ್ತಿ ಹೋಗ್ತಿದ್ದೆ. ಅವರು ನಾಲ್ಕು ಜನ ಬಿಸಿಬಿಸಿ ಬಡಿಸಿಕೊಂಡು ತಿನ್ನೋದು, ನಾನು ಮೂಲೆಯಲ್ಲಿ ಪೊಟ್ಟಣ ಹಿಸುಕೋದು. ನನಗೇನೂ ಅನ್ನಿಸ್ತಿರಲಿಲ್ಲ, ಸತ್ಯವಾಗಿ ಹೇಳ್ತೀನಿ, ಒಗ್ಗರಣೆಯ ವಾಸನೆ ಮೂಗಿಗೆ ಬಿದ್ದರೇ ನನಗೆ ಅರ್ಧ ಊಟ ಆದ ಹಾಗೆ. ಆದರೆ ತಮ್ಮನ ಹೆಂಡತಿಗೆ ಸಂಕಟ. ಅವಳು ಬಹಳ ಒಳ್ಳೆಯವಳು, ಅದೇ ತೊಂದರೆ. ಒಂದು ಭಾನುವಾರ ನನ್ನ ಕೈ ಹಿಡಿದುಕೊಂಡು, "ಅತ್ತಿಗೆ, ನಿಮ್ಮನ್ನ ಮುಂದೆ ಕೂರಿಸಿಕೊಂಡು ನಾವು ತಿನ್ನೋದು ಅಂದರೆ ಗಂಟಲಲ್ಲಿ ಇಳಿಯಲ್ಲ. ಇನ್ಮೇಲೆ ಊಟದ ಹೊತ್ತು ಮುಗಿಸಿಕೊಂಡು ಬನ್ನಿ, ಆರಾಮಾಗಿ ಕೂತು ಮಾತಾಡೋಣ" ಅಂದಳು.

"ಆಗಲಿ ಬಿಡಮ್ಮ" ಅಂದೆ. ಬೈದು ಕಳಿಸಿದ್ದರೆ ತಿರುಗಿ ಬೈದು ಮರುವಾರವೂ ಹೋಗ್ತಿದ್ದೆ. ಪ್ರೀತಿಯಿಂದ ಬೇಡ ಅಂದವರಿಗೆ ಏನು ಹೇಳೋದು? ಊಟ ಆದಮೇಲೆ ಎರಡು ಸಲ ಹೋದೆ. ತಟ್ಟೆ ತೊಳೆದಿಟ್ಟಿರ್ತಿದ್ದರು, ಎಲ್ಲರಿಗೂ ನಿದ್ದೆಯ ಕಣ್ಣು. ಮೂರನೇ ಸಲ ಹೋಗಲಿಲ್ಲ. ಫೋನ್ ಮಾಡಿ, ಕೆಲಸ ಜಾಸ್ತಿ ಅಂದೆ. ತಿನ್ನೋದರಲ್ಲಿ ಎಂಥ ಜಾಸ್ತಿ ಕೆಲಸ ಅಂತ ಅವರೂ ಕೇಳಲಿಲ್ಲ.

ಆಮೇಲಿನಿಂದ ನಾನು ತಟ್ಟೆಯಲ್ಲಿ ಬಿಡೋಕೆ ಶುರು ಮಾಡಿದೆ. ಹಾಸ್ಟೆಲ್ಲಿನಲ್ಲಿ ಒಂದು ಅಗುಳು ಚೆಲ್ಲಿದರೆ ಹುಡುಗಿಯರ ಕಿವಿ ಹಿಂಡಿದವಳು ನಾನು. ನಾನು ಬಿಡೋದು ಅಂದರೆ! ಅಡುಗೆ ಕೆಟ್ಟಿರಲಿಲ್ಲ. ನಾಲ್ಕು ತುತ್ತು ಆದಮೇಲೆ ಕೈ ತಾನಾಗಿ ನಿಲ್ತಿತ್ತು. ಯಾರಿಗೋಸ್ಕರ ಅಂತ ತಿನ್ನಲಿ ಅನ್ನಿಸ್ತಿತ್ತು, ಅಷ್ಟೆ.

ಇಷ್ಟರಲ್ಲಿ ಮೇಲಿಂದ ಕೆಟ್ಟ ಸುದ್ದಿ ಬಂತು. ತೋಟದವಳು ಊಟ ಬಿಟ್ಟಿದ್ದಾಳೆ. ಉಳಿದ ಮೂವರು ಮಲಗಿದ ಮೇಲೇ ಗಿಡಗಳ ದೀಪ ಹಾಕೋದು, ಆಗ ಕರೆಂಟು ಉಳಿಯುತ್ತೆ ಅಂತ. ದೀಪ ಇದ್ದಾಗ ಅವಳು ಎದ್ದಿರಬೇಕು. ಅವರೆದ್ದಾಗ ಇವಳು ಮಲಗಬೇಕು. ಅವಳು ಬೆಳೆದ ಸೊಪ್ಪನ್ನ ಉಳಿದವರು ಚಪ್ಪರಿಸಿಕೊಂಡು ತಿಂತಾರೆ, ಅವಳು ಮಾತ್ರ ಪೊಟ್ಟಣ ಬಿಚ್ಚಿ ಎರಡು ತುತ್ತು ತಿಂದು ಮುಚ್ಚಿಡ್ತಾಳೆ. ಹಸಿವಿಲ್ಲ ಅಂತಾಳಂತೆ. ಮೈ ಇಳಿದು ಬಟ್ಟೆ ಜೋಲಾಡ್ತಿದೆಯಂತೆ.

ಡಾಕ್ಟರು ಸಭೆ ಕರೆದರು. ನಾನು, ಅಡುಗೆಯ ಯಜಮಾನರು, ಮೂರು ಜನ ದೊಡ್ಡವರು. ನನ್ನನ್ನ ಕರೆದದ್ದು ನಾನು ಅವಳ ಜೋಡಿ ಅಂತ. ಅಡುಗೆಯ ಯಜಮಾನರು ಆ ಹಂಡೆಗಳನ್ನೆಲ್ಲ ಮುಂದೆ ನಿಂತು ಬೇಯಿಸಿದವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಏನೂ ಅನ್ನೋ ಮುಂಚೆಯೇ, "ನಮ್ಮ ಕಡೆಯಿಂದ ಏನೂ ತಪ್ಪಾಗಿಲ್ಲ, ಉಪ್ಪೂ ಸರಿಯಿದೆ, ಹುಳಿಯೂ ಸರಿಯಿದೆ" ಅಂತ ಶುರು ಮಾಡಿದರು.

ಡಾಕ್ಟರು ನನ್ನ ಕಡೆ ತಿರುಗಿದರು. "ನೀವೂ ಬಿಡ್ತಿದ್ದೀರಿ. ಅವರೂ ಬಿಡ್ತಿದ್ದಾರೆ. ಇಬ್ಬರೂ ಬಿಟ್ಟರೆ ತಪ್ಪು ಊಟದ್ದು ಅಂತಲೇ ಅರ್ಥ. ಹಂಡೆ ಕೆಟ್ಟಿದೆ ಅಂತ ನೀವು ಹೇಳಿದರೆ ಆ ಪೊಟ್ಟಣಗಳನ್ನೆಲ್ಲ ನಿಲ್ಲಿಸಿ ನಾಲ್ಕೂ ಜನಕ್ಕೆ ತುರ್ತಿಗೆ ಅಂತ ಇಟ್ಟಿರೋ ಹಿಟ್ಟಿನ ಉಂಡೆ ಕೊಡಬೇಕಾಗುತ್ತೆ. ಕೆಟ್ಟಿಲ್ಲ ಅಂದರೆ ಅವರಿಗೆ ಮನಸ್ಸಿನ ಕಾಯಿಲೆ ಅಂತ ಬರೀಬೇಕು. ತೋಟ ಮುಚ್ಚಿಸಿ, ಮೂಗಿಗೆ ನಳಿಕೆ ಹಾಕಿ ಉಣಿಸೋಕೆ ಮಿಕ್ಕವರಿಗೆ ಹೇಳ್ತೀವಿ. ಬೇರೆ ದಾರಿಯಿಲ್ಲ. ನಿಜ ಹೇಳಿ, ಊಟ ಹೇಗಿದೆ?"

ನನಗೆ ಮೈಯೆಲ್ಲ ಉರಿದುಹೋಯ್ತು. ನಳಿಕೆಯಂತೆ! "ಊಟ ಚೆನ್ನಾಗೇ ಇದೆ ಡಾಕ್ಟ್ರೇ" ಅಂದೆ. "ಊಟಕ್ಕೇನೂ ಆಗಿಲ್ಲ, ಅವಳಿಗೂ ಏನೂ ಆಗಿಲ್ಲ. ಒಬ್ಬಳನ್ನೇ ಕೂರಿಸಿ ತಿನ್ನು ಅಂದರೆ ಯಾರು ತಿಂತಾರೆ? ನಾಯಿ ಕೂಡ ಮನೆಯವರು ಅತ್ತಿತ್ತ ಓಡಾಡ್ತಿದ್ದರೆ ಚೆನ್ನಾಗಿ ತಿನ್ನುತ್ತೆ. ನಾವು ನಾಲ್ಕು ಜನ ಒಟ್ಟಿಗೆ ಕೂತಾಗ ತಟ್ಟೆ ನೆಕ್ಕಿ ಏಳ್ತಿದ್ದೆವು. ನೀವು ಬಿಡಿಸಿ ಕೂರಿಸಿದಿರಿ, ನನ್ನ ಹಸಿವು ಸತ್ತುಹೋಯ್ತು. ಇದಕ್ಕೆ ಯಾವ ಯಂತ್ರ ಇಟ್ಟು ತೂಗ್ತೀರೋ ತೂಗಿ."

ದೊಡ್ಡವರಲ್ಲಿ ಒಬ್ಬರು, "ಅವರ ಜೊತೆ ಕೂತು ತಿನ್ನೋಕೆ ಇಲ್ಲಿಂದ ಯಾರನ್ನ ಕಳಿಸೋಣ?" ಅಂತ ನಕ್ಕರು.

"ನನ್ನನ್ನ ಕಳಿಸಿ" ಅಂದೆ. "ನನ್ನನ್ನ ಅಂದರೆ ಮುಖಾನ. ಗೋಡೆ ಮೇಲೆ ಕ್ಯಾಮೆರಾ ಇದೆಯಲ್ಲ, ನಾನು ಉಣ್ಣೋವಾಗ ಅದನ್ನ ಹಿಡಿದು ಅವಳಿಗೆ ಕಳಿಸಿ. ಅದನ್ನ ಮುಂದಿಟ್ಕೊಂಡು ಅವಳು ಉಣ್ಣಲಿ. ಆಗದೇ ಇದ್ದರೆ ನಿಮ್ಮ ನಳಿಕೆ ಎಲ್ಲಿಗೂ ಓಡಿಹೋಗಲ್ಲ."

ಜೋಡಿಗಳು ಮಾತಾಡಬಾರದು ಅನ್ನೋ ನಿಯಮ ಇತ್ತಲ್ಲ, ಅದರ ಮೇಲೆ ಬಹಳ ಹೊತ್ತು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಕೊನೆಗೆ ಡಾಕ್ಟರೇ, "ಕೆಲವು ವಾರ ನೋಡೋಣ. ಅವರು ಉತ್ತರ ಕಳಿಸೋ ಹಾಗಿಲ್ಲ, ನೀವು ಮಾತ್ರ ಮಾತಾಡಬಹುದು" ಅಂದರು. ಅಡುಗೆಯ ಯಜಮಾನರು ಹೊರಗೆ ಬಂದು ನನ್ನ ಕೈ ಕುಲುಕಿದರು. ಕೈಯೆಲ್ಲ ಬೆವರು ಪಾಪ.

ಮೊದಲನೇ ದಿನ ಕ್ಯಾಮೆರಾದ ಕೆಂಪು ದೀಪ ಹತ್ತಿತು ನೋಡಿ, ನನ್ನ ಬಾಯಿಗೆ ಬೀಗ ಬಿತ್ತು. ನಾಲಿಗೆಗೆ ಮೂಳೆಯಿಲ್ಲ ಅನ್ನಿಸಿಕೊಂಡವಳಿಗೆ ಒಂದು ಮಾತೂ ಹುಟ್ಟಲಿಲ್ಲ. ಎದುರಿಗೆ ಬಿಳಿ ಗೋಡೆ, ಒಂದೇ ಕುರ್ಚಿ, ಒಂದೇ ತಟ್ಟೆ. ಇದನ್ನೇ ಅವಳಿಗೆ ತೋರಿಸೋದಾ? ಒಂಟಿಯಾಗಿ ಕೂತವಳಿಗೆ ಇನ್ನೊಬ್ಬಳು ಒಂಟಿಯಾಗಿ ಕೂತದ್ದನ್ನ ತೋರಿಸಿದರೆ ಉಪಕಾರ ಮಾಡಿದ ಹಾಗಾಯ್ತಾ? ಇನ್ನೆರಡು ತುತ್ತು ಕಡಿಮೆ ತಿಂದಾಳು. ನನಗೆ ಏನು ಹೊಳೆಯಿತೋ, ಬಾಗಿಲ ಕಡೆ ತಿರುಗಿ ಜೋರಾಗಿ ಕೂಗಿದೆ.

"ಏ ತಮ್ಮಾ, ಆ ಟೀವಿ ಸಣ್ಣ ಮಾಡೋ! ಇಲ್ಲಿ ಮಾತಾಡ್ತಿರೋದು ಕಾಣಿಸಲ್ವಾ?"

ಆಮೇಲೆ ಕ್ಯಾಮೆರಾಗೆ, "ನೋಡಮ್ಮ ತೋಟದವಳೇ, ಈ ಮನೇಲಿ ಒಂದು ನಿಮಿಷ ನೆಮ್ಮದಿ ಇಲ್ಲ. ನೀನೇ ಪುಣ್ಯವಂತೆ. ಹೂಂ, ಪೊಟ್ಟಣ ಬಿಚ್ಚು. ಇವತ್ತು ಬೇಳೆ, ಹುಳಿ ಮುಂದಿದೆ, ಮೂಗು ಕಟ್ಟಿದವರಿಗೆ ಸರಿಹೋಗುತ್ತೆ" ಅಂದೆ. ಒಂದು ಸಲ ಬಾಯಿ ಬಿಟ್ಟಿತು ನೋಡಿ, ಮತ್ತೆ ಮುಚ್ಚಲಿಲ್ಲ.

ಹಾಗೆ ನನ್ನ ಕೋಣೆಯಲ್ಲಿ ಒಂದು ಸಂಸಾರ ಹುಟ್ಟಿತು. ತಮ್ಮ ಒಳಗೆ ಟೀವಿ ನೋಡ್ತಾನೆ. ಅವನ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾಳೆ. "ಉಪ್ಪು ಚಿಟಿಕೆ ಹಾಕು ಅಂದರೆ ಸಮುದ್ರಾನೇ ಸುರೀತಾಳೆ ಮಹಾತಾಯಿ" ಅಂತ ಅವಳ ಮೇಲೆ ದೂರು. ಟೈಲರ್‌ನನ್ನ ಪಕ್ಕದ ಮನೆಯವನಾಗಿ ಮಾಡಿದೆ, ಪೋಸ್ಟ್‌ಮ್ಯಾನ್‌ರನ್ನ ದೊಡ್ಡಪ್ಪನಾಗಿ ಮಾಡಿದೆ. "ದೊಡ್ಡಪ್ಪಾ, ನಿಮ್ಮ ಕತೆ ನಿಲ್ಲಿಸಿ ಮೊದಲು ಅನ್ನ ತಿನ್ನಿ, ಆರಿಹೋಗ್ತಿದೆ" ಅಂತ ಎಡಗಡೆ ನೋಡಿ ಗದರಿಸ್ತಿದ್ದೆ. ಎಡಗಡೆ ಇದ್ದದ್ದು ಮಂಚ. ಒಂದೊಂದು ಸಲ ಇಲ್ಲದ ಜನರ ಮೇಲೆ ನಿಜವಾಗಿ ಸಿಟ್ಟು ಬಂದು ಚಮಚ ಕುಕ್ಕಿದ್ದೂ ಇದೆ. ಹೊರಗಿನವರು ಯಾರಾದರೂ ನೋಡಿದ್ದರೆ ನನಗೇ ನಳಿಕೆ ಹಾಕಿರೋರು.

ನನ್ನ ಮುಖ ಇಲ್ಲಿಂದ ಹೊರಟರೆ ಅವಳನ್ನ ಮುಟ್ಟೋಕೆ ಒಂದು ಅನ್ನ ಬೇಯುವಷ್ಟು ಹೊತ್ತು ಬೇಕು, ಅಷ್ಟು ದೂರ ಹೋಗಿಬಿಟ್ಟಿದ್ದಳು. ಹಾಗಾಗಿ ಅವಳು ಪೊಟ್ಟಣ ಬಿಚ್ಚೋ ಹೊತ್ತಿಗೆ ನಾನು ಕೈ ತೊಳೆದು ಆಗಿರ್ತಿತ್ತು. ಅವಳು ತಿಂದಳೋ ಇಲ್ಲವೋ ಡಾಕ್ಟರು ಹೇಳಿದರೇ ಗೊತ್ತಾಗಬೇಕು. ಮೊದಲ ವಾರ, "ಎರಡು ತುತ್ತು ಜಾಸ್ತಿ" ಅಂದರು. ಆಮೇಲೆ, "ಅರ್ಧ ಪೊಟ್ಟಣ". ಒಂದು ದಿನ ಬಾಗಿಲಲ್ಲೇ ನಿಂತು, "ಪೂರ್ತಿ ತಿಂದಿದ್ದಾರೆ" ಅಂದರು. ನನಗೆ ಎಷ್ಟು ಸಂತೋಷ ಆಯ್ತು ಅಂದರೆ, ಅವರು ಹೋದ ಮೇಲೆ ತಮ್ಮನಿಗೆ ಫೋನ್ ಮಾಡಿದೆ, ಹೇಳೋಣ ಅಂತ. ಅವನು ಯಾವುದೋ ಸದ್ದಿನ ಮಧ್ಯೆ ಇದ್ದ. "ಹೇಳಕ್ಕ, ಏನು ಅರ್ಜೆಂಟಾ?" ಅಂದ. ಅರ್ಜೆಂಟೇನಿಲ್ಲ ಅಂತ ಇಟ್ಟುಬಿಟ್ಟೆ. ಆಮೇಲೆ ಮಂಚದ ಮೇಲೆ ಕೂತು ಅತ್ತೆ. ಯಾಕೆ ಮುಚ್ಚಿಡಲಿ, ಚೆನ್ನಾಗಿಯೇ ಅತ್ತೆ.

ಅವಳ ತೂಕ ಮತ್ತೆ ಹತ್ತಿತು. ನಳಿಕೆಯ ಮಾತು ನಿಂತಿತು. ತೋಟ ಉಳಿಯಿತು, ಮೂಲಂಗಿ ದಪ್ಪಗೆ ಬಂದಿದೆಯಂತೆ. ದೊಡ್ಡವರೊಬ್ಬರು ನನ್ನನ್ನ ಓಣಿಯಲ್ಲಿ ನಿಲ್ಲಿಸಿ, "ತುಂಬಿದ ಮನೆಯ ವಾತಾವರಣ ಕೆಲಸ ಮಾಡಿದೆ ನೋಡಿ, ಒಳ್ಳೇ ಉಪಾಯ" ಅಂತ ಹೊಗಳಿದರು. ನಾನೂ ಹಾಗೇ ನಂಬಿದೆ. ತುಂಬಿದ ಮನೆ ಕಂಡು ಅವಳಿಗೆ ತವರಿನ ನೆನಪಾಗಿ ಹಸಿವು ಬಂತು ಅಂದ್ಕೊಂಡೆ.

ಆಮೇಲೆ ಡಾಕ್ಟರು ಇನ್ನೊಂದು ಸುದ್ದಿ ತಂದರು. ನೌಕೆಗೂ ನಮಗೂ ಮಧ್ಯೆ ಇವತ್ತೇ ಸೂರ್ಯ ಅಡ್ಡ ಬರ್ತಾನಂತೆ. ಅವನು ಸರಿಯೋವರೆಗೆ ಎರಡು ವಾರ ಇಲ್ಲಿಂದ ಏನೂ ಹೋಗಲ್ಲ, ಅಲ್ಲಿಂದ ಏನೂ ಬರಲ್ಲ. ಮೊದಲೇ ಗೊತ್ತಿದ್ದ ವಿಷಯವೇ, ನನಗೆ ಹೇಳಿರಲಿಲ್ಲ ಅಷ್ಟೆ. "ಗಾಬರಿ ಬೇಡ. ನಿಮ್ಮ ಹಳೇ ಊಟಗಳೆಲ್ಲ ಅವರ ಹತ್ತಿರ ಇವೆ. ಅದನ್ನೇ ಮತ್ತೆ ಹಾಕ್ಕೊಂಡು ತಿನ್ನಿ ಅಂತ ಹೇಳಿದ್ದೀವಿ" ಅಂದರು. ಹೊರಡದೆ ಅಲ್ಲೇ ನಿಂತರು. ಕೈಯಲ್ಲಿದ್ದ ಟ್ಯಾಬನ್ನ ತಿರುಗಿಸಿ ತಿರುಗಿಸಿ ನೋಡಿದರು. "ತೋಟದವರು ಒಂದು ವಿಡಿಯೋ ಕಳಿಸಿದ್ದಾರೆ. ನಿಮಗೆ. ನಿಯಮದ ಪ್ರಕಾರ ನಾನು ತೋರಿಸಬಾರದು" ಅಂತ ಹೇಳಿ ಮೇಜಿನ ಮೇಲಿಟ್ಟು, ತಾವು ಗೋಡೆ ಕಡೆ ತಿರುಗಿಕೊಂಡರು.

ತೋಟದವಳು. ಫೋಟೋಗಿಂತ ಮುಖ ಊದಿತ್ತು, ಕೂದಲು ತಲೆಯ ಸುತ್ತ ಎದ್ದು ನಿಂತಿತ್ತು. ಹಿಂದೆ ನೇರಳೆ ಬೆಳಕಲ್ಲಿ ಸೊಪ್ಪಿನ ಮಡಿ. ಪೊಟ್ಟಣವನ್ನ ಮೇಜಿಗೆ ಅಂಟಿಸಿಕೊಂಡಿದ್ದಳು.

"ನಿಮ್ಮನ್ನ ಅಕ್ಕ ಅನ್ನಬಹುದಲ್ವಾ? ಇಷ್ಟು ದಿನ ಒಟ್ಟಿಗೆ ಉಂಡು ಇನ್ನೇನು ಅಂತ ಕರೀಲಿ" ಅಂದಳು. ದನಿ ತೆಳ್ಳಗಿತ್ತು. "ಅಕ್ಕ, ನೀವು ಬೇಜಾರು ಮಾಡ್ಕೋಬಾರದು. ನಿಮ್ಮ ಮನೇಲಿ ಯಾರೂ ಇಲ್ಲ, ಅಲ್ವಾ? ತಮ್ಮಂಗೆ ಟೀವಿ ಸಣ್ಣ ಮಾಡು ಅಂತೀರಿ, ಟೀವಿ ಸದ್ದೇ ಇರಲ್ಲ. ದೊಡ್ಡಪ್ಪನ್ನ ಬೈತೀರಿ, ಅವರು ಒಂದು ದಿನಾನೂ ಕೆಮ್ಮಿದ್ದು ಕೂಡ ಕೇಳಿಸಿಲ್ಲ. ನನಗೆ ಮೊದಲನೇ ದಿನವೇ ಗೊತ್ತಾಯ್ತು. ಇಲ್ಲಿ ನಾನೂ ಗಿಡಗಳ ಜೊತೆ ಹೀಗೇ ಮಾತಾಡೋದು. ಉತ್ತರ ಬರದ ಮಾತು ಹೇಗಿರುತ್ತೆ ಅಂತ ನನಗೆ ಗೊತ್ತಾಗಲ್ವಾ?"

ಚಮಚ ಬಾಯಿಗಿಟ್ಟು ನಿಧಾನಕ್ಕೆ ಅಗಿದಳು. ಎಷ್ಟು ನಿಧಾನ ಅಂದರೆ, ನನ್ನ ಹಾಸ್ಟೆಲ್ಲಿನಲ್ಲಿದ್ದಿದ್ದರೆ ಗಂಟೆ ಹೊಡೆದರೂ ಇನ್ನೂ ಮೊದಲ ತುತ್ತಲ್ಲೇ ಇರೋಳು.

"ನಂಗೆ ಹಸಿವು ವಾಪಸ್ ಬಂದಿದೆ ಅಂತ ಡಾಕ್ಟರು ಅಂದ್ಕೊಂಡಿದ್ದಾರೆ. ಹಸಿವು ಈಗಲೂ ಅಷ್ಟಕ್ಕಷ್ಟೇ ಅಕ್ಕ. ನೀವು ಅಷ್ಟು ದೊಡ್ಡ ದನಿಯಲ್ಲಿ ಯಾರನ್ನೋ ಕರೀತಾ ಒಬ್ಬರೇ ಉಣ್ತಿರ್ತೀರಿ. ಮಧ್ಯದಲ್ಲಿ ನಾನೂ ಎದ್ದು ಹೋದರೆ ನಿಮ್ಮ ಜೊತೆ ಯಾರು? ಅದಕ್ಕೆ ಕೂತಿರ್ತೀನಿ. ಸುಮ್ಮನೆ ಕೂತಿರೋಕಾಗಲ್ಲ, ಒಂದೊಂದು ತುತ್ತು ಒಳಗೆ ಹೋಗುತ್ತೆ."

ಅವಳಿಗೆ ಉಣಿಸ್ತಿದೀನಿ ಅಂತ ನಾನು ಎದೆಯುಬ್ಬಿಸಿಕೊಂಡು ತಿರುಗಾಡ್ತಿದ್ದೆ. ಆ ಹುಡುಗಿ ಕೋಟಿಗಟ್ಟಲೆ ಮೈಲಿ ದೂರ ಕೂತು ನನಗೆ ಜೊತೆ ಕೊಡ್ತಿದ್ದಳು.

"ನಾಳೆಯಿಂದ ನಿಮ್ಮ ಮುಖ ಬರಲ್ಲ" ಅಂದಳು. "ಹಳೇದು ಹಾಕ್ಕೊಂಡು ತಿನ್ನು ಅಂತಾರೆ. ನಂಗೆ ಬೇಡ. ಹಳೇ ಊಟದಲ್ಲಿ ನೀವು ಉಂಡು ಎದ್ದು ಹೋಗಿ ಎಷ್ಟೋ ದಿನ ಆಗಿರುತ್ತೆ. ನೀವು ಮಧ್ಯಾಹ್ನ ಎಷ್ಟು ಹೊತ್ತಿಗೆ ಕೂರ್ತೀರಿ ಅಂತ ನಂಗೆ ಗೊತ್ತು. ಸರಿಯಾಗಿ ಅದೇ ಹೊತ್ತಿಗೆ ನಾನೂ ಕೂರ್ತೀನಿ. ನಿಮ್ಮ ಮುಖ ಬಂದು ಮುಟ್ಟಲಿ ಅಂತ ಕಾಯೋ ಹಾಗಿಲ್ಲವಲ್ಲ, ಮೊದಲನೇ ಸಲ ಇಬ್ಬರೂ ಒಟ್ಟಿಗೇ ಉಂಡ ಹಾಗಾಗುತ್ತೆ. ಆದರೆ ಅಕ್ಕ, ನೀವು ಗಬಗಬ ತಿಂದು ಎದ್ದುಬಿಡ್ತೀರಿ. ನಾನು ನಿಧಾನ. ನಂದು ಮುಗಿಯೋ ತನಕ ಏಳಬೇಡಿ, ಆಯ್ತಾ?"

ಅಷ್ಟೇ. ಪರದೆ ಕಪ್ಪಾಯ್ತು. ಡಾಕ್ಟರು ತಿರುಗಿ ನೋಡಲಿಲ್ಲ. ಇನ್ನೊಂದು ಸಲ ನೋಡಬಹುದಾ ಅಂತ ಕೇಳಿದೆ, ಹೂಂ ಅಂದರು. ಮೂರು ಸಲ ನೋಡಿದೆ. ಉತ್ತರ ಕಳಿಸಬಹುದಾ ಅಂದೆ. "ಹೊತ್ತು ಮೀರಿತು. ಸಿಗ್ನಲ್ ಹೋಯ್ತು" ಅಂದರು. ಆಯ್ತಾ ಅಂತ ಕೇಳಿದವಳಿಗೆ ಆಯ್ತು ಅಂತ ಹೇಳೋಕೂ ನನ್ನ ಕೈಲಾಗಲಿಲ್ಲ. ಹುಟ್ಟಿದಾಗಿಂದ ಈ ಬಾಯಿ ಎಷ್ಟು ಮಾತಾಡಿದರೇನು, ಬೇಕಾದ ಒಂದು ಮಾತಿಗೆ ಸೂರ್ಯನೇ ಅಡ್ಡ ಬಂದ.

ಮರುದಿನ ಮಧ್ಯಾಹ್ನ ಪೊಟ್ಟಣಕ್ಕೆ ನೀರು ತುಂಬಿಸಿ, ಹಿಸುಕಿ, ತಟ್ಟೆಗೆ ಹಾಕ್ಕೊಂಡು ಕೂತೆ. ಕ್ಯಾಮೆರಾ ಆರಿತ್ತು. ಯಾರನ್ನೂ ಕರೀಲಿಲ್ಲ. ತಮ್ಮನನ್ನೂ ಇಲ್ಲ, ದೊಡ್ಡಪ್ಪನನ್ನೂ ಇಲ್ಲ. ಆಲೂಗಡ್ಡೆ ಇತ್ತು, ಹುಳಿ ಜಾಸ್ತಿ. ಎಷ್ಟು ತಡೆದರೂ ಹಾಳು ಅಭ್ಯಾಸ, ಬೇಗ ಬೇಗ ಇಳಿದುಹೋಯ್ತು. ಒಂದು ಅಗುಳೂ ಬಿಡಲಿಲ್ಲ. ತಟ್ಟೆ ಖಾಲಿಯಾಯ್ತು, ಚಮಚ ಅದರಲ್ಲೇ ಇಟ್ಟು ಕೂತೆ. ಗೋಡೆ ಅದೇ ಬಿಳಿ ಗೋಡೆ. ಅವಳ ಕಡೆ ಈಗ ಎಷ್ಟನೇ ತುತ್ತು ಅಂತ ಲೆಕ್ಕ ಹಾಕೋಕೆ ನೋಡಿದೆ, ತಪ್ಪಿತು. ಅವಳು ನಿಜವಾಗಿ ಕೂತಿದ್ದಾಳೋ, ಮೊದಲಿನ ಹಾಗೆ ಎರಡು ತುತ್ತಿಗೇ ಮುಚ್ಚಿಟ್ಟು ಗಿಡಗಳ ಕಡೆ ಹೋದಳೋ. ಆದರೂ ಏಳಲಿಲ್ಲ.

ತಟ್ಟೆ ತೂಗೋಕೆ ಅಂತ ಡಾಕ್ಟರು ಬಂದರು. ಬಾಗಿಲು ತೆಗೆದು, "ಮುಗೀತಲ್ಲ, ಕೊಡಿ" ಅಂತ ಕೈ ಚಾಚಿದರು.

"ಇರಿ. ಅವಳದಿನ್ನೂ ಆಗಿಲ್ಲ."

ಡಾಕ್ಟರು ಕೈ ಹಿಂದಕ್ಕೆ ತಗೊಂಡರು. ಕೂರಿ ಅನ್ನೋಣ ಅಂದರೆ ಇನ್ನೊಂದು ಕುರ್ಚಿ ಇರಲಿಲ್ಲ, ಬಾಗಿಲಿಗೆ ಒರಗಿ ನಿಂತರು. ತಗ್ಗಿದ ದನಿಯಲ್ಲಿ, "ಅವರು ತಿಂತಿದ್ದಾರೋ ಇಲ್ಲವೋ ನಮಗೆ ಹೇಗೆ ಗೊತ್ತಾಗುತ್ತೆ?" ಅಂದರು.

"ಗೊತ್ತಾಗಲ್ಲ ಡಾಕ್ಟ್ರೇ" ಅಂದೆ. "ಅದಕ್ಕೇ ಕೂತಿರೋದು."